ಉಸಿರು ಬಿಗಿಹಿಡಿದವನನ್ನು ಕರಡಿ ಬಿಡುತ್ತದೆಯೇ?

ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಟೀ ಅಂಗಡಿಯೊಂದರಲ್ಲಿ ಕೇಳಿದ ಮಾತಿದು. ರಾತ್ರಿ ಪಾಳಿ ಮುಗಿಸಿದ ಹುಡುಗನೊಬ್ಬ ಬೈಕಿಗೆ ಕರಡಿ ಅಡ್ಡ ಬಂದದ್ದನ್ನು ಹೇಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹಿರಿಯರು ಬುದ್ಧಿ ಹೇಳಿದರು: "ಎದ್ರುಗೆ ಬಂದ್ರೆ ಉಸ್ರು ಬಿಗಿ ಹಿಡ್ಕೊಂಡು ಅಂಗಾತ ಮಲಿಕ್ಕೊ ಕಣ್ಲಾ. ಸತ್ತೋರ್ನ ಕರ್ಡಿ ಮುಟ್ಟಲ್ಲ." ಅಲ್ಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಆ ಹುಡುಗ ನಾಳೆ ಈ ಮಾತನ್ನೇ ನಂಬಿ ಕರಡಿಯ ಮುಂದೆ ಮುಖ ಮೇಲೆ ಮಾಡಿ ಮಲಗಿದರೆ ಅವನ ಕಣ್ಣು, ಮೂಗಿನ ಗತಿಯೇನು?

ಈ ನಂಬಿಕೆ ಬಂದದ್ದು ಕಾಡಿನಿಂದಲ್ಲ, ಶಾಲೆಯಿಂದ. ಇಬ್ಬರು ಗೆಳೆಯರು, ಒಂದು ಕರಡಿ. ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತವನಂತೆ ಬಿದ್ದುಕೊಂಡ. ಕರಡಿ ಕಿವಿಯ ಹತ್ತಿರ ಮೂಸಿ ನೋಡಿ ಹೋಯಿತು. ಇದು ಗ್ರೀಸಿನ ಈಸೋಪನ ಕಥೆ. ಕಷ್ಟದಲ್ಲಿ ಕೈಬಿಡುವವನು ಗೆಳೆಯನಲ್ಲ ಎಂದು ಹೇಳುವುದಕ್ಕೆ ಕರಡಿ ಅಲ್ಲಿ ಒಂದು ನೆಪ. ನಾವು ಗೆಳೆತನದ ಪಾಠವನ್ನು ಬಿಟ್ಟು ಕರಡಿಯ ಪಾಠವನ್ನು ಹಿಡಿದುಕೊಂಡೆವು. ಆ ಕಥೆಯ ಇಬ್ಬರೂ ದೇವರಾಯನದುರ್ಗದ ತಪ್ಪಲಲ್ಲೋ ಗುಬ್ಬಿ ಕಡೆಯ ಕುರುಚಲು ಕಾಡಲ್ಲೋ ಇದ್ದಿದ್ದರೆ ಇಬ್ಬರ ಜೀವಕ್ಕೂ ಗ್ಯಾರಂಟಿ ಇರುತ್ತಿರಲಿಲ್ಲ. ಜೇನಿಗಾಗಿ ಮರ ಹತ್ತುವುದು ನಮ್ಮ ಕರಡಿಗೆ ದಿನನಿತ್ಯದ ಕೆಲಸ. ಜೇನಿರುವ ಮರದ ತೊಗಟೆಯ ಮೇಲೆ ಅದರ ಉಗುರಿನ ಗೀರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೂಸುವ ವಿಚಾರ. ಗೆದ್ದಲು ನಮ್ಮ ಕರಡಿಯ ಮುಖ್ಯ ಆಹಾರ. ಹಾರೆ ಹಾಕಿದರೂ ಜಗ್ಗದ ಹುತ್ತವನ್ನು ಅದು ಬೆರಳುದ್ದದ ಉಗುರುಗಳಿಂದ ಒಡೆಯುತ್ತದೆ. ಮಣ್ಣನ್ನು ಉಫ್ ಎಂದು ಊದಿ, ತೂತಿಗೆ ಮೂತಿ ಇಟ್ಟು ಹುಳುಗಳನ್ನು ಹೀರುತ್ತದೆ. ಹೀರಲು ದಾರಿಯಾಗಲೆಂದೇ ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ರಾತ್ರಿ ನಿಶ್ಶಬ್ದವಾಗಿದ್ದರೆ ಆ ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಗಟ್ಟಿ ಮಣ್ಣಿನೊಳಗಿನ ಗೆದ್ದಲನ್ನು ವಾಸನೆಯಲ್ಲೇ ಪತ್ತೆ ಮಾಡುವ ಮೂಗಿಗೆ, ಬೆವೆತು ಬಿದ್ದಿರುವ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಾಗುವುದಿಲ್ಲವೆಂದು ನಂಬುವುದು ಹೇಗೆ? ಸತ್ತದ್ದನ್ನು ಅದು ಮುಟ್ಟುವುದಿಲ್ಲ ಎಂಬುದೂ ಸುಳ್ಳು. ಸತ್ತ ಪ್ರಾಣಿ ಸಿಕ್ಕರೆ ಕರಡಿ ಕೆಲವೊಮ್ಮೆ ತಿನ್ನುತ್ತದೆ.

"ಮಲಗಿ ಬದುಕಿಕೊಂಡವರಿದ್ದಾರಲ್ಲ?" ಎಂದು ಕೇಳುವವರಿದ್ದಾರೆ. ಇದ್ದಾರೆ. ಅವರು ಬದುಕಿದ್ದಕ್ಕೆ ಕಾರಣ ಬೇರೆ. ಕರಡಿ ಮನುಷ್ಯನ ಮೇಲೆ ಬೀಳುವುದು ಹಸಿವಿನಿಂದಲ್ಲ, ಗಾಬರಿಯಿಂದ. ಕಣ್ಣು ಮಂದ; ಹುತ್ತ ಬಗೆಯುವಾಗ ತನ್ನದೇ ಸದ್ದಿನಲ್ಲಿ ನಮ್ಮ ಹೆಜ್ಜೆಯ ಸದ್ದು ಕೇಳುವುದಿಲ್ಲ; ಹಗಲು ಬಂಡೆಸಂದಿಯಲ್ಲಿ ಗಾಢ ನಿದ್ದೆ. ಹಾಗಾಗಿ ನಾವು ತೀರ ಹತ್ತಿರ ಹೋಗುವವರೆಗೂ ಅದಕ್ಕೆ ತಿಳಿಯುವುದಿಲ್ಲ, ತಿಳಿದಾಗ ತಪ್ಪಿಸಿಕೊಳ್ಳುವಷ್ಟು ದೂರ ಉಳಿದಿರುವುದಿಲ್ಲ. ಹುಲಿ ಚಿರತೆಗಳ ನಡುವೆ ಬೆಳೆದು ಬಂದ ಜೀವ ಅದು. ಚಿರತೆಯೂ ಮರ ಹತ್ತುವುದರಿಂದ ಮರ ಅದಕ್ಕೆ ಆಸರೆಯಲ್ಲ. ಎದುರು ನಿಂತು ಮೇಲೆ ಬೀಳುವುದೇ ಅದು ಕಲಿತ ದಾರಿ. ಎದುರಿನ ಅಪಾಯ ಅಡಗಿತು ಅನ್ನಿಸಿದರೆ ಬಿಟ್ಟು ಹೋಗುತ್ತದೆ. ಆದ್ದರಿಂದ ಮಲಗುವುದು ಕಟ್ಟಕಡೆಯ ಉಪಾಯ. ಕರಡಿ ಮೈಮೇಲೆ ಬಿದ್ದೇ ಬಿಟ್ಟಾಗ ಬೋರಲಾಗಿ, ಮುಖ ನೆಲಕ್ಕೆ ಒತ್ತಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಅಲ್ಲಾಡದೆ ಮಲಗಬೇಕು. ದೂರದಲ್ಲಿ ಕಂಡಾಗ ಮಲಗಬಾರದು. ಅದರ ಕಡೆಗೇ ಮುಖ ಮಾಡಿ ಮೆಲ್ಲಗೆ ಹಿಂದೆ ಹಿಂದೆ ಸರಿಯಬೇಕು. ಅಂಗಾತ ಮಲಗುವುದಂತೂ ಯಾವಾಗಲೂ ತಪ್ಪು. ಕರಡಿ ಗಾಯ ಮಾಡುವುದು ಹೆಚ್ಚಾಗಿ ತಲೆಗೆ, ಮುಖಕ್ಕೆ.

ಇಂಥ ನಂಬಿಕೆಗಳು ಇನ್ನೂ ಇವೆ. ಇಳಿಜಾರಿನಲ್ಲಿ ಓಡಿದರೆ ಕೂದಲು ಕಣ್ಣಿಗೆ ಬಿದ್ದು ಕರಡಿಗೆ ದಾರಿ ಕಾಣುವುದಿಲ್ಲವಂತೆ. ಅದರ ಜೂಲು ಇರುವುದು ಕತ್ತು, ಭುಜಗಳ ಮೇಲೆ. ಮೂತಿಯ ಕೂದಲು ಗಿಡ್ಡ. ಓಟದಲ್ಲಿ ಅದು ನಮ್ಮನ್ನು ಇಳಿಜಾರಿನಲ್ಲೂ ಮೀರಿಸುತ್ತದೆ. ಕರಡಿ ಕೂದಲಿನ ತಾಯತ ಕಟ್ಟಿದರೆ ಮಕ್ಕಳು ಬೆಚ್ಚಿಬೀಳುವುದಿಲ್ಲವಂತೆ. ಆ ನಂಬಿಕೆಗಾಗಿಯೂ ಎಷ್ಟೋ ಕರಡಿಗಳು ಮೂಗಿಗೆ ಹಗ್ಗ ಹಾಕಿಸಿಕೊಂಡು ಬೀದಿ ಬೀದಿ ಅಲೆದವು. ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಲ್ಲಿ ಅಂಥವು ಕೊನೆಗಾಲ ಕಳೆದದ್ದನ್ನು ನಾವೇ ಕಂಡಿದ್ದೇವೆ.

ಬೇಟೆಗಾರರ ನಂಬಿಕೆ ಇನ್ನೂ ಅಪಾಯದ್ದು: ಕೈಯಲ್ಲಿ ಕೋವಿ, ಜೊತೆಗೆ ನಾಯಿ ಇದ್ದರೆ ಕರಡಿಗೆ ಹೆದರಬೇಕಿಲ್ಲ ಎಂಬುದು. ನಮ್ಮ ತಿಪಟೂರಿನ ಪಕ್ಕದ ಅರಸೀಕೆರೆ ಸೀಮೆಯಲ್ಲೇ ಇದಕ್ಕೆ ಉತ್ತರವಿದೆ. ನಾಗವಾರ ಬೆಟ್ಟಗಳ ಒಂದು ಕರಡಿ ಹನ್ನೆರಡು ಜನರನ್ನು ಕೊಂದು, ಇಪ್ಪತ್ತಕ್ಕೂ ಹೆಚ್ಚು ಜನರನ್ನು ವಿರೂಪಗೊಳಿಸಿತ್ತು. ಅದನ್ನು ಹೊಡೆದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಆ ಕಥೆ ಬರೆದಿದ್ದಾರೆ. ಅಂಥ ನುರಿತ ಬೇಟೆಗಾರರಿಗೂ ಅದು ಮೊದಲ ಯತ್ನಕ್ಕೆ ಸಿಗಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಆಗಲೂ ಕಟ್ಟುಕಥೆ ಹಬ್ಬಿತ್ತು: ಕರಡಿ ಹುಡುಗಿಯೊಬ್ಬಳನ್ನು ಹೊತ್ತೊಯ್ದಿತ್ತು, ಊರವರು ಬಿಡಿಸಿ ತಂದದ್ದಕ್ಕೆ ಹಗೆ ತೀರಿಸುತ್ತಿದೆ ಎಂದು. ಹೆಂಗಸರನ್ನು ಕರಡಿ ಹೊತ್ತೊಯ್ಯುತ್ತದೆಂದು ಇವತ್ತೂ ನಂಬುವವರಿದ್ದಾರೆ. ಅದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ. ಹಿಂದೆಂದೋ ಮನುಷ್ಯರಿಂದಲೇ ಗಾಯಗೊಂಡು, ವಾಸಿಯಾದ ಮೇಲೆ ಮನುಷ್ಯರನ್ನು ಕಂಡರೆ ಕೆರಳುತ್ತಿದ್ದ ಕರಡಿ ಅದು ಎಂಬುದೇ ಆಂಡರ್ಸನ್ ಅವರ ಅಭಿಪ್ರಾಯವಾಗಿತ್ತು.

ನಾಯಿಯೂ ಅಷ್ಟೇ. ಕರಡಿಯನ್ನು ಕೆಣಕಿ ಅದು ಓಡಿ ಬರುವುದು ಯಜಮಾನನ ಕಾಲ ಹತ್ತಿರಕ್ಕೇ, ಹಿಂದೆಯೇ ಕರಡಿಯನ್ನೂ ಕರೆದುಕೊಂಡು. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ಕ್ಲಚ್ ವೈರಿನ ಉರುಳಿಗೆ ಬೀಳುವ ಕರಡಿಯ ಪಾಡು ಕೇಳಲೇಬೇಡಿ. ಎಳೆದಷ್ಟೂ ತಂತಿ ಸೊಂಟದ ಮಾಂಸಕ್ಕೆ ಇಳಿಯುತ್ತದೆ. ಸುತ್ತ ನೂರು ಜನ ಮೊಬೈಲ್ ಹಿಡಿದು ನಿಲ್ಲುತ್ತಾರೆ. ತಂತಿ ಕಿತ್ತುಕೊಂಡು ಹೋದ ಕರಡಿ ಮುಂದೆ ಎದುರಾಗುವುದು ಉರುಳು ಹಾಕಿದವನಿಗಲ್ಲ, ಮುಂಜಾನೆ ಹುಣಸೆಹಣ್ಣು ಆರಿಸಲು ಹೋದ ಯಾವುದೋ ತಾಯಿಗೆ. ಆಮೇಲೆ ಊರು ಮಾತಾಡುತ್ತದೆ, ಕರಡಿಗೆ ಹುಚ್ಚು ಹಿಡಿದಿದೆ ಎಂದು.

ನನ್ನ ನೋವು ಇದೇ. ಬೋರ್‌ವೆಲ್ ಕೊರೆಸುವ ಮುನ್ನ ನಾಲ್ಕು ಜನರನ್ನು ವಿಚಾರಿಸುತ್ತೇವೆ, ಹಸು ಕೊಳ್ಳುವ ಮುನ್ನ ಹಲ್ಲು ಹಿಡಿದು ನೋಡುತ್ತೇವೆ. ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಮಾತ್ರ, ಅಜ್ಜ ಹೇಳಿದ, ವಾಟ್ಸ್‌ಆಪ್‌ನಲ್ಲಿ ಬಂತು ಎಂದು ಹಾಗೆಯೇ ನುಂಗುತ್ತೇವೆ.

ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬೆಟ್ಟದ ಬದಿಗೆ ಒಬ್ಬರೇ ಹೋಗಬೇಡಿ. ಹೋಗಲೇಬೇಕಾದರೆ ಇಬ್ಬರು ಮೂವರು ಸೇರಿ, ಟಾರ್ಚ್ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ಹೋಗಿ. ನಾಯಿಯನ್ನು ಮನೆಯಲ್ಲೇ ಕಟ್ಟಿ ಹಾಕಿ. ಅಪ್ಪಂದಿರೇ, ಅಣ್ಣಂದಿರೇ, ನಿಮ್ಮ ಹೊಲದ ಬೇಲಿಯಲ್ಲಿ ಉರುಳಿದ್ದರೆ ಇವತ್ತೇ ಬಿಚ್ಚಿ ಬಿಸಾಡಿ. ಕರಡಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಹಂದಿಗೆಂದು ಹಾಕಿದ ಉರುಳು ಎಂದರೂ ಜೈಲು ತಪ್ಪುವುದಿಲ್ಲ.