ಆಟದ ಅಂಗಳದಲ್ಲಿ ಹಲ್ಲಿನ ರಕ್ಷಣೆ

ಸೊಲ್ಲಾಪುರ, ಅಕ್ಕಲಕೋಟ ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಕಬಡ್ಡಿ, ಖೋ-ಖೋ, ಕುಸ್ತಿ ಚಿರಪರಿಚಿತ. ಕಬಡ್ಡಿಯಲ್ಲಿ ದಾಳಿಗಾರನ ಕಾಲು ಹಿಡಿಯಲು ಬಾಗುವ ಬಾಲಕನ ಮುಖವು ಎದುರಾಳಿಯ ಮೊಣಕಾಲಿನ ಮಟ್ಟಕ್ಕೆ ಬರುತ್ತದೆ. ಆಗ ಮೊದಲು ಪೆಟ್ಟಿಗೆ ಸಿಗುವವು ಮೇಲಿನ ಬಾಚಿಹಲ್ಲುಗಳು. ಹಲ್ಲು ಮುಂಚಾಚಿದ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಮುಷ್ಟಿಯುದ್ಧದಲ್ಲಿ ಬಾಯಿರಕ್ಷೆ ಕಡ್ಡಾಯ. ಕಬಡ್ಡಿಯಲ್ಲಿ ಅಂಥ ನಿಯಮವಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಸುವ ಮುತುವರ್ಜಿ ಹಲ್ಲಿನ ವಿಷಯದಲ್ಲಿ ಕಾಣದಿರುವುದು ವಿಚಿತ್ರವೇ ಸರಿ.

1890ರ ಸುಮಾರಿಗೆ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಗಟಾಪರ್ಚಾ ಎಂಬ ಮರದ ಅಂಟಿನಿಂದ ಮುಷ್ಟಿಮಲ್ಲರ ಹಲ್ಲಿಗೆ ಹೊದಿಕೆ ಮಾಡಿದನು. ಈಗ ಮೂರು ಬಗೆಯವು ದೊರೆಯುತ್ತವೆ. ಸಿದ್ಧ ಅಳತೆಯದು ಸಡಿಲವಾಗಿದ್ದು, ಅದನ್ನು ಕಚ್ಚಿ ಹಿಡಿದೇ ಇರಬೇಕಾದುದರಿಂದ ಮಾತಿಗೂ ಉಸಿರಿಗೂ ತೊಡಕು. ಕಬಡ್ಡಿಯ ಕೂಗಿಗಂತೂ ಅದು ಸಲ್ಲದು. ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚಿ ಆಕಾರ ಕೊಡುವುದು ತಕ್ಕಮಟ್ಟಿಗೆ ಹೊಂದುತ್ತದೆ. ಕಚ್ಚುವಾಗ ಒತ್ತಡ ಹೆಚ್ಚಾದರೆ ಮುಖ್ಯವಾದೆಡೆಯಲ್ಲಿಯೇ ತೆಳುವಾಗುತ್ತದೆ. ದಂತವೈದ್ಯರು ಅಳತೆಗೆ ತಕ್ಕಂತೆ ಮಾಡಿಕೊಡುವುದೇ ಉತ್ತಮ. ಅವರು ಮೇಲ್ದವಡೆಯ ಅಚ್ಚು ತೆಗೆದು, ಜಿಪ್ಸಮ್ಮಿನ ಪಡಿಯಚ್ಚು ಎರೆದು, ಕಾಯಿಸಿದ ಮೆತ್ತನೆಯ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಗಾಳಿಯ ಒತ್ತಡದಿಂದ ಕೂರಿಸುತ್ತಾರೆ. ಸುಮಾರು 3-4 ಮಿಲಿಮೀಟರ್ ದಪ್ಪದ ಈ ಹೊದಿಕೆ ಪೆಟ್ಟನ್ನು ಹೀರಿ, ಒಂದೇ ಹಲ್ಲಿನ ಮೇಲೆ ಬೀಳುವ ಭಾರವನ್ನು ಹಲವು ಹಲ್ಲುಗಳಿಗೆ ಹಂಚುತ್ತದೆ. ತುಟಿಯು ಹಲ್ಲಿಗೆ ಸಿಕ್ಕಿ ಹರಿಯುವುದನ್ನೂ ತಡೆಯುತ್ತದೆ.

ಬೆಲೆಯೊಂದೇ ತೊಡಕಲ್ಲ. ಆರರಿಂದ ಹನ್ನೆರಡು ವರ್ಷದವರೆಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಮೂಡುತ್ತಿರುವುದರಿಂದ ಇಂದು ಹೊಂದಿದ್ದು ಕೆಲವು ತಿಂಗಳಲ್ಲಿ ಬಿಗಿಯಾಗಬಹುದು. ಈ ವಯಸ್ಸಿಗೆ ಬಿಸಿನೀರಿನ ಬಗೆಯೇ ಹೆಚ್ಚು ವ್ಯವಹಾರಯೋಗ್ಯ. ಸೊಲ್ಲಾಪುರದ ಬೇಸಿಗೆಯಲ್ಲಿ ಅದನ್ನು ಬಿಸಿಲಿನಲ್ಲಿಟ್ಟರೆ ಆಕಾರ ಕೆಡುತ್ತದೆ. ತಣ್ಣೀರಿನಲ್ಲಿ ತೊಳೆದು, ರಂಧ್ರವುಳ್ಳ ಡಬ್ಬಿಯಲ್ಲಿಡಬೇಕು. ಒಬ್ಬರದನ್ನು ಮತ್ತೊಬ್ಬರು ಧರಿಸಕೂಡದು.

ಶಾಶ್ವತ ಹಲ್ಲು ಬುಡಸಮೇತ ಕಳಚಿಬಿದ್ದರೆ ಮೈದಾನದಲ್ಲಿರುವ ಶಿಕ್ಷಕರೇ ಮೊದಲ ವೈದ್ಯರು. ಬೇರನ್ನು ಮುಟ್ಟದೆ, ಕಚ್ಚುವ ಭಾಗವನ್ನಷ್ಟೇ ಹಿಡಿದು ಹಲ್ಲನ್ನು ಎತ್ತಬೇಕು. ಮಣ್ಣಾಗಿದ್ದರೆ ಕೆಲವೇ ಕ್ಷಣ ತೊಳೆಯಬೇಕು, ಉಜ್ಜಕೂಡದು. ಮಗುವಿಗೆ ಪ್ರಜ್ಞೆಯಿದ್ದರೆ ಅದನ್ನು ಅದರ ಕುಳಿಯಲ್ಲಿಯೇ ಕೂರಿಸಿ, ಶುಚಿಯಾದ ಬಟ್ಟೆ ಕಚ್ಚಿಸಿ ದಂತವೈದ್ಯರಲ್ಲಿಗೆ ಒಯ್ಯಬೇಕು. ಅದಾಗದಿದ್ದರೆ ತಣ್ಣನೆಯ ಹಾಲಿನಲ್ಲಿಡಬೇಕು. ಯಾವ ಹಳ್ಳಿಯ ಚಹಾದಂಗಡಿಯಲ್ಲಿಯೂ ಹಾಲು ಸಿಗುತ್ತದೆ. ನೀರಿನಲ್ಲಿಟ್ಟರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ, ಒಣಗಿದರೂ ಅಷ್ಟೇ. ಅರ್ಧ ಗಂಟೆಯೊಳಗೆ ಕೂರಿಸಿದ ಹಲ್ಲು ಉಳಿಯುವ ಸಂಭವ ಹೆಚ್ಚು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು. ಅದು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಹಾನಿ ಮಾಡಬಹುದು.