ವಾಚ್‌ಮನ್‌ಗೆ ಹುಷಾರಿಲ್ಲ ಅಂದ್ರೆ?

ನಿಮ್ಮ ಅಪಾರ್ಟ್‌ಮೆಂಟಿನ ನೇಪಾಳಿ ವಾಚ್‌ಮನ್‌ಗೆ
ರಾತ್ರಿ ಎದೆನೋವು ಬಂದ್ರೆ
ಯಾವ ಆಸ್ಪತ್ರೆಗೆ ಹೋಗ್ತಾರೆ?

ಬೆಂಗಳೂರಿನ ಬಸವೇಶ್ವರನಗರ, ವಿಜಯನಗರ, ಕೆಂಗೇರಿ,
ಎಲ್ಲೇ ನೋಡಿ, ಗೇಟಿನ ಪಕ್ಕ ಪುಟ್ಟ ರೂಮು.
ಒಂದು ಮಂಚ, ಒಂದು ಗ್ಯಾಸ್ ಒಲೆ,
ಗೋಡೆ ಮೇಲೆ ನಮ್ಮ ನೀರಿನ ಮೋಟರ್ ಸ್ವಿಚ್ಚು.
ಸುತ್ತ ಇಡೀ ಊರಿದ್ರೂ
ಆ ರೂಮು ನಡುನೀರಿನ ದ್ವೀಪ ಇದ್ದ ಹಾಗೆ.

1950ರ ಭಾರತ-ನೇಪಾಳ ಒಪ್ಪಂದದಿಂದಾಗಿ
ಅವರು ಇಲ್ಲಿ ಇರಬಹುದು, ದುಡೀಬಹುದು.
ಆದ್ರೆ ಇಲ್ಲಿನ ರೇಷನ್ ಕಾರ್ಡ್ ಇಲ್ಲದೆ
ಆಯುಷ್ಮಾನ್ ಆರೋಗ್ಯ ಯೋಜನೆಯ ಸೌಲಭ್ಯ ಸಿಗೋದು ಕಷ್ಟ.

ದಾರಿ ನಮ್ಮ ರಾಜಾಜಿನಗರದಲ್ಲೇ ಇದೆ.
ಇಎಸ್‌ಐ, ಅಂದ್ರೆ ನೌಕರರ ರಾಜ್ಯ ವಿಮೆಯ ಆಸ್ಪತ್ರೆ!
ಇಎಸ್‌ಐಗೆ ಪೌರತ್ವದ ಷರತ್ತಿಲ್ಲ.
ವಾಚ್‌ಮನ್‌ನ ಕಳಿಸೋ ಸೆಕ್ಯೂರಿಟಿ ಏಜೆನ್ಸಿಯಲ್ಲಿ ಕನಿಷ್ಠ 10 ಜನ ದುಡೀತಿದ್ದು,
ಸಂಬಳ 21 ಸಾವಿರದೊಳಗಿದ್ರೆ ನೋಂದಣಿ ಕಡ್ಡಾಯ.

15 ಸಾವಿರ ಸಂಬಳ ಅಂದ್ಕೊಳ್ಳಿ.
ವಾಚ್‌ಮನ್ ಕಡೆಯಿಂದ ಸುಮಾರು 113 ರೂಪಾಯಿ,
ಏಜೆನ್ಸಿ ಕಡೆಯಿಂದ ಸುಮಾರು 488.
ಅಷ್ಟೇ. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತೆ.
ಇಷ್ಟೂ ಕಟ್ಟದ ಏಜೆನ್ಸಿಯನ್ನ ನಾವು ಸುಮ್ನೆ ಬಿಡಬಾರದು.

ಎದೆನೋವು, ಅಪಘಾತ ಆದ್ರೆ
ಕಾರ್ಡ್ ಹುಡುಕ್ತಾ ಕೂರಬೇಡಿ.
ತಕ್ಷಣ 108ಕ್ಕೆ ಫೋನ್ ಮಾಡಿ.
ತುರ್ತು ಚಿಕಿತ್ಸೆ ಕೊಡೋದು ಸರ್ಕಾರಿ ಆಸ್ಪತ್ರೆಯ ಕರ್ತವ್ಯ.
1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.
ಜೀವಿಸೋ ಹಕ್ಕು ನಮ್ಮ ದೇಶದ ಪ್ರಜೆಗಳಲ್ಲದವರಿಗೂ ಇದೆ,
ಅದನ್ನೂ ಅದೇ ವರ್ಷ ಹೇಳಿದೆ.

ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ
ಪಾರ್ಕಿಂಗ್ ಜಗಳಕ್ಕೆ ಮುಂಚೆ
ಏಜೆನ್ಸಿಯವರನ್ನ ಒಂದು ಮಾತು ಕೇಳಿ:
"ನಮ್ಮ ವಾಚ್‌ಮನ್ ಇಎಸ್‌ಐ ನಂಬರ್ ತೋರಿಸಿ."