ಮೊಳೆ ಒಂದು, ಮನಸ್ಸು ಎರಡು!

ದಾವಣಗೆರೆ: ಬೆಳಗಿನ ಏಳು ಗಂಟೆಗೇ ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿ ಮುಂದೆ ಪಂಚಾಯ್ತಿ. ಹರಿಹರದ ಅಂಗಡಿಗಳಿಗೆ ಮಂಡಕ್ಕಿ ಮುಟ್ಟಿಸುವ ವ್ಯಾಪಾರಿಯೊಬ್ಬರ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ನೆಲ ಕಚ್ಚಿದೆ. ಸೀಟಿನ ಹಿಂದೆ ಎರಡು ದೊಡ್ಡ ಚೀಲ. ಟೈರಿನಲ್ಲಿ ಎರಡಿಂಚಿನ ಮೊಳೆ.

"ಒಂದು ದಾರ ಚುಚ್ಚಿ ಕೊಡು ಚಾಚಾ, ಹೊತ್ತಾಗೈತಿ."

"ದಾರಕ್ಕೇನ್ರಿ, ಎರಡು ನಿಮಿಷದ ಕೆಲಸ. ಗಾಳಿ ಹೋದಮ್ಯಾಲೆ ಎಷ್ಟು ದೂರ ಓಡಿಸೀರಿ, ಅದನ್ನ ಮೊದಲು ಹೇಳ್ರಿ."

ವ್ಯಾಪಾರಿ ತಲೆ ಕೆರೆದುಕೊಂಡರು. ಬೈಪಾಸ್ ಹತ್ತಿರವೇ ಗಾಳಿ ಹೋಗಿತ್ತು. ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ತೆರೆದಿರಲಿಲ್ಲ. ತಳ್ಳಲಾರದೆ ಒಂದೂವರೆ ಕಿಲೋಮೀಟರ್ ಹತ್ತಿಯೇ ಬಂದರಂತೆ.

ಚಾಚಾ ದಾರದ ಡಬ್ಬಿ ಮುಚ್ಚಿಟ್ಟರು. "ಬಿಚ್ಚಿ ನೋಡದೆ ಹಾಕೂದಿಲ್ಲ."

ಹಟವಲ್ಲ ಅದು, ಅನುಭವ. ಗಾಳಿ ಇಲ್ಲದ ಟೈರಿನ ಮೇಲೆ ಕೂತು ಓಡಿಸಿದರೆ ರಿಮ್ಮಿಗೂ ರಸ್ತೆಗೂ ನಡುವೆ ಟೈರಿನ ಪಕ್ಕೆ ಮಡಚಿ ಮಡಚಿ ಅರೆಯುತ್ತದೆ. ಒಳಗಿನ ನೂಲು ಹರಿಯುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಮದುಮಗನ ಹಾಗೆ ಚೆಂದ! ದಾರ ಚುಚ್ಚಿದರೆ ಗಾಳಿ ನಿಲ್ಲುತ್ತದೆ, ನಿಜ. ಪಕ್ಕೆ ಎಷ್ಟು ದಿನ ನಿಲ್ಲುತ್ತದೆ ಅಂತ ಹೇಳೋರು ಯಾರು ಸ್ವಾಮಿ?

ಹಾಗಂತ ಮೊಳೆ ಕಂಡ ಕೂಡಲೇ ಟೈರ್ ಬಿಸಾಕುವುದು ದುಡ್ಡಿದ್ದವರ ದಡ್ಡತನ. ನೆಲಕ್ಕೆ ತಾಗುವ ಜಾಗದಲ್ಲಿ ಸಣ್ಣ ಮೊಳೆ ಚುಚ್ಚಿ, ತಕ್ಷಣ ನಿಲ್ಲಿಸಿದ್ದರೆ ಪಂಕ್ಚರ್ ಸಾಕು. ಟ್ಯೂಬ್‌ಲೆಸ್ಸಿಗೆ ಹೊರಗಿನಿಂದ ಚುಚ್ಚುವ ದಾರ ಆಪತ್ಕಾಲಕ್ಕೆ. ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸಿದರೆ ಹೆಚ್ಚು ಬಾಳಿಕೆ. ತೂತು ಆರು ಮಿಲಿಮೀಟರ್ ದಾಟಿದರೆ, ಅಥವಾ ಪಕ್ಕೆಯಲ್ಲೇ ಆದರೆ, ಆಸೆ ಬಿಡಬೇಕು. ಚಕ್ರ ಒಂದು ಸುತ್ತು ಹಾಕಿದಾಗಲೆಲ್ಲ ಪಕ್ಕೆ ಬಾಗಿ ಏಳುತ್ತದೆ, ಅಲ್ಲಿ ಯಾವ ಪ್ಯಾಚೂ ನಿಲ್ಲದು.

ಕಡ್ಡಿ ಚಕ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಟ್ಯೂಬ್ ಕೆಟ್ಟರೆ ಟ್ಯೂಬ್ ಬದಲಿಸಿದರಾಯ್ತು. ಆದರೆ ಅದರ ಗಾಳಿ ಒಮ್ಮೆಗೇ ಹೋಗಿ ಗಾಡಿ ಓಲಾಡುತ್ತದೆ. ಟ್ಯೂಬ್‌ಲೆಸ್ಸಿನಲ್ಲಿ ಮೊಳೆ ಕಿತ್ತು ಹಾಕದಿದ್ದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಅಂಗಡಿ ಮುಟ್ಟುವಷ್ಟು ಹೊತ್ತು ಸಿಗುತ್ತದೆ.

ಇನ್ನು ಸವೆತ. ದ್ವಿಚಕ್ರದ ಟೈರಿನ ಗಾಡಿ ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು ಅನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮ. ಅಳತೆ ಪಟ್ಟಿ ಬೇಕಿಲ್ಲ, ಗಾಡಿಯ ನಡುವೆ ಸಣ್ಣ ಉಬ್ಬುಗಳಿವೆ. ಟೈರ್ ಸವೆದು ಉಬ್ಬಿನ ಸಮಕ್ಕೆ ಬಂತೆಂದರೆ ಪಂಕ್ಚರಿಗೆ ಕೊಡುವ ಕಾಸೂ ದಂಡ.

ಒಂದು ಮಾತು. ಒಂದು ತೂತನ್ನು ಮೂರು ಮಾಡುವ ವಿದ್ಯೆ ಬಲ್ಲ ಅಂಗಡಿಗಳೂ ಇವೆ. ನೀರಿನ ತೊಟ್ಟಿ ಪಕ್ಕ ನಿಂತು ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೀವೇ ನೋಡಿ. ಚಹಾ ಆಮೇಲೆ ಕುಡಿಯಬಹುದು.

ಚಾಚಾ ಟೈರ್ ಬಿಚ್ಚಿದರು. ಅಂಗೈ ತುಂಬ ಕರೀ ಪುಡಿ! ಒಳಪಕ್ಕೆ ಸುತ್ತ ರಬ್ಬರ್ ಸುಲಿದು ನೂಲು ಇಣುಕುತ್ತಿತ್ತು. ಸವೆತ ಮಾತ್ರ ಅರ್ಧವೂ ಆಗಿಲ್ಲ. ಹೊಟ್ಟೆ ಉರಿಯುವುದು ಅಲ್ಲೇ.

"ಮಗಳ ಫೀಸು ಈ ತಿಂಗಳೇ ಐತಿ. ಒಳಗೊಂದು ಟ್ಯೂಬ್ ಹಾಕಿದ್ರೆ?"

"ಸಾಯಂಕಾಲ ಹಿಂದೆ ಯಾರನ್ನ ಕೂರಿಸ್ಕೊಂಡು ಬರ್ತೀರಿ?"

ಟ್ಯೂಷನ್ನಿಂದ ಆ ಮಗಳನ್ನೇ. ವ್ಯಾಪಾರಿ ಮಾತಾಡಲಿಲ್ಲ.

ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಸೆಕೆಂಡ್ ಹ್ಯಾಂಡ್ ಟೈರ್ ಅಂತ ಬಾಯಿ ಹಾಕಿದರು. ಚಾಚಾ ಅದನ್ನೂ ಒಪ್ಪಲಿಲ್ಲ. ಪಕ್ಕೆಯ ಮೇಲೆ ನಾಲ್ಕಂಕಿ ಒತ್ತಿರುತ್ತಾರೆ: 2317 ಅಂದರೆ 2017ರ ಇಪ್ಪತ್ಮೂರನೇ ವಾರ ತಯಾರಾದದ್ದು. ಗಾಡಿ ಎಷ್ಟೇ ಆಳವಿರಲಿ, ವಯಸ್ಸಾದ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಹೊಸ ಟೈರ್ ಮಾರಿದರೆ ಚಾಚಾರಿಗೆ ದಮ್ಮಡಿ ಲಾಭವಿಲ್ಲ, ಅವರ ಅಂಗಡಿಯಲ್ಲಿ ಟೈರೇ ಇಲ್ಲ. ಇವತ್ತಿನ ಪಂಕ್ಚರಿನ ಕಾಸೂ ಹೋಯ್ತು.

ಪಂಕ್ಚರ್ ಅಂದರೆ ನೂರರ ಮಾತು, ಹೊಸ ಟೈರ್ ಸಾವಿರಗಳ ಮಾತು. ವ್ಯಾಪಾರಿ ಎರಡು ಸಲ ವಸೂಲಿ ಹಣ ಎಣಿಸಿದರು. ಕೊನೆಗೆ ಖಾಲಿ ಚಕ್ರ ಹೆಗಲಿಗೇರಿಸಿ ಟೈರ್ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯಲು ಹೊರಟರು. ಮಂಡಕ್ಕಿ ಚೀಲಗಳು ಹರಿಹರದ ಬಸ್ಸು ಹತ್ತಿದವು. "ಇದಕ್ಕೂ ಲಗೇಜ್ ಹರಿಬೇಕಾ?" ಅಂತ ಹಿಂದಿನಿಂದ ಕೂಗಿದರೆ, ಕಂಡಕ್ಟರ್ ಆಗಲೇ ಸೀಟಿ ಊದಿದ್ದರು.